ನೂರ ನಲವತ್ತೊಂದರ ಸಾಲು

ಒಂದು ಸೆಕೆಂಡನ್ನು ಸಾವಿರ ಚೂರು ಮಾಡುವವರ ಕಥೆಯನ್ನು ಅದನ್ನು ಕಲಿತವರೇ ಹೇಳಬೇಕಿತ್ತು. ಕೇಳಿ ತಿಳಿದಷ್ಟನ್ನೇ ಇಟ್ಟುಕೊಂಡು ಹೇಳುವ ಧೈರ್ಯ ಮಾಡಿದ್ದೇನೆ. ಯಂತ್ರದ ವಿವರದಲ್ಲಿ ಎಡವಿದ್ದರೆ ಬಲ್ಲವರು ಮನ್ನಿಸಬೇಕು.

ಮೂರನೆಯ ಏಟಿಗೆ ಹೆಂಪೆಲಪ್ಪ ಠಾಣೆಯ ಬೆಂಚಿನಿಂದ ಕೆಳಗೆ ಬಿದ್ದ.

ಬಿದ್ದವನು ಕೂಗಲಿಲ್ಲ. ಕೂಗಲು ಬಾಯಿ ತೆರೆಯುವಂತಿರಲಿಲ್ಲ. ಮುರಿದ ದವಡೆಯನ್ನು ಗಲ್ಲದಿಂದ ನೆತ್ತಿಯವರೆಗೆ ಬಟ್ಟೆಯಿಂದ ಬಿಗಿದಿದ್ದರು. ಆ ಬಟ್ಟೆಯ ಅಂಚಿನಲ್ಲಿ ಒಂಬತ್ತು ದಿನದ ರಕ್ತ ಕಪ್ಪಾಗಿ ಒಣಗಿತ್ತು. ಈಗ ಅದರ ಮೇಲೆ ಹೊಸ ರಕ್ತ ಇಳಿಯಿತು.

"ನಿಲ್ಸೋ!" ಸಾರ್ಜೆಂಟ್ ಕ್ರೆಚ್‌ಮರ್ ಬಾಗಿಲಿನಿಂದಲೇ ಕೂಗಿದ. "ಡೋರ್ನ್, ಬೆಲ್ಟ್ ಕೆಳಗಿಡು."

ಕಾವಲುಗಾರ ಡೋರ್ನ್ ಬೆಲ್ಟನ್ನು ಕೈಗೆ ಸುತ್ತಿಕೊಳ್ಳುತ್ತ ತಿರುಗಿದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ಶುರು ಮಾಡಿದ್ದು ನೀವೇ ಅಲ್ವಾ ಸಾರ್ಜೆಂಟ್ರೇ? ಆ ದವಡೆ ನಂದಲ್ಲ. ನಾನು ಮುಗಿಸ್ತಾ ಇದ್ದೀನಿ, ಅಷ್ಟೆ."

ಕ್ರೆಚ್‌ಮರ್ ಒಳಗೆ ಬಂದು ಬೆಲ್ಟನ್ನು ಕಿತ್ತುಕೊಂಡ. ದವಡೆ ಮುರಿದದ್ದು ಅವನದೇ ಮುಷ್ಟಿ.

ಒಂಬತ್ತು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಪ್ರೊಫೆಸರ್ ಗ್ರೂನೋ ಅವರ ಪ್ರಯೋಗಶಾಲೆಯ ನೆಲಮಾಳಿಗೆಯಲ್ಲಿ ಸಹಾಯಕ ಡಾಕ್ಟರ್ ರೀಷೆಯ ಹೆಣ ಸಿಕ್ಕಿತ್ತು. ಬ್ಯಾಟರಿ ಜಾಡಿಗಳು ಒಡೆದು ಅವುಗಳ ಮೈಲುತುತ್ತದ ನೀಲಿ ನೀರು ನೆಲದ ತುಂಬ ಹರಿದಿತ್ತು. ಆ ನೀಲಿಯಲ್ಲಿ ರಕ್ತ ಬೆರೆತು, ಇನ್ನೆಂದೂ ನೋಡಬಾರದೆನಿಸುವ ಒಂದು ಬಣ್ಣವಾಗಿತ್ತು. ತಲೆಗೆ ಏಳು ಏಟು ಬಿದ್ದಿದ್ದವು. ಪಕ್ಕದಲ್ಲಿ ಬ್ಯಾಟರಿಯ ದಪ್ಪ ಸತುವಿನ ಕಂಬಿ. ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಜವಾನ ಟ್ರೌಗೊಟ್ ಹೆಂಪೆಲ್. ಜಾಡಿ ತೊಳೆದು, ವೈರು ಕಟ್ಟಿ, ಒಲೆಗೆ ಕಲ್ಲಿದ್ದಲು ಹಾಕುತ್ತ ಹತ್ತೊಂಬತ್ತು ವರ್ಷ ಕಳೆದವನು. ಎಲ್ಲರ ಬಾಯಲ್ಲೂ ಹೆಂಪೆಲಪ್ಪ.

"ಯಾರು ಮಾಡಿದ್ದು?" ಎಂದು ಕ್ರೆಚ್‌ಮರ್ ನಾಲ್ಕು ಸಲ ಕೇಳಿದ್ದ. ಮುದುಕ ತುಟಿ ಬಿಚ್ಚಲಿಲ್ಲ. ಐದನೆಯ ಸಲ ಕೇಳಿದ್ದು ಮುಷ್ಟಿ. ಆ ಮೇಲೆ ಮುದುಕನಿಗೆ ಮಾತಾಡಬೇಕೆನಿಸಿದ್ದರೂ ಆಗುತ್ತಿರಲಿಲ್ಲ. ಸ್ಲೇಟು, ಬಳಪ ಕೊಟ್ಟರೂ ಏನೂ ಬರೆಯಲಿಲ್ಲ.

ನಾಳೆ ಭಾನುವಾರವಾದರೂ ಬೆಳಿಗ್ಗೆ ಹತ್ತಕ್ಕೆ ಕಡತ ತನಿಖಾ ನ್ಯಾಯಾಧೀಶರ ಮೇಜಿಗೆ ಹೋಗಬೇಕು. ಅಲ್ಲಿಂದ ಕೊಲೆಯ ಆರೋಪ. ಸ್ಯಾಕ್ಸನಿಯಲ್ಲಿ ಕೊಲೆಗೆ ಬೆಲೆ ತಲೆ.

ಕ್ರೆಚ್‌ಮರ್ ಮುದುಕನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದ. ಹಗುರಾಗಿದ್ದ. ಒಂಬತ್ತು ದಿನ ಸಾರು ಮಾತ್ರ ಕುಡಿದ ದೇಹ.

"ಹೆಂಪೆಲಪ್ಪ, ನೀನು ಮಾಡಿಲ್ಲ ಅಂತ ನಂಗೆ ಅನ್ನಿಸ್ತಿದೆ. ಇವತ್ತು ಸಂಜೆಯೊಳಗೆ ತೋರಿಸ್ತೀನಿ."

ಮುದುಕ ಅವನ ಮುಖ ನೋಡಲಿಲ್ಲ. ಅವನ ಬಲಗೈ ನೋಡುತ್ತಿದ್ದ.

* * *

ಕ್ರೆಚ್‌ಮರ್‌ನ ಜೇಬಿನಲ್ಲಿ ಪ್ರಯೋಗಶಾಲೆಯ ಅಂಕಿಗಳ ಒಂದು ಹಾಳೆಯ ನಕಲಿತ್ತು. ಒಂದು ವಾರದಿಂದ ಬೆಳಗಿನ ಕಾಫಿಯ ಲೋಟದ ಪಕ್ಕ ಅದನ್ನು ಹರಡಿಕೊಂಡು ಕೂರುತ್ತಿದ್ದ. ಓದಿದ ಜನ ಬರೆದದ್ದರಲ್ಲಿ ತಾನು ತಪ್ಪು ಹುಡುಕುವುದೇ ಎಂದು ಪ್ರತಿ ದಿನವೂ ಮಡಿಸಿ ಇಟ್ಟುಬಿಡುತ್ತಿದ್ದ. ಅವನ ಓದು ಸಂಜೆ ಶಾಲೆಯದು. ಅದಕ್ಕೂ ಮೊದಲು ಗ್ಲಾಸ್‌ಹ್ಯೂಟೆಯಲ್ಲಿ ನಾಲ್ಕು ವರ್ಷ ಗಡಿಯಾರದ ಕೆಲಸ ಕಲಿತಿದ್ದ. ಕಣ್ಣು ಕೈಕೊಟ್ಟಿದ್ದರಿಂದ ಪೊಲೀಸ್ ಆದ.

ಪ್ರಯೋಗಶಾಲೆಯ ಯಂತ್ರದ ಕೋಣೆಯಲ್ಲಿ ಫರ್ಡಿನಾಂಡ್ ಓಲ್ಸ್ನರ್ ಒಬ್ಬನೇ ಇದ್ದ. ತೆಳ್ಳಗಿನ ವಿದ್ಯಾರ್ಥಿ, ಕಫ್ಫಿನ ತುಂಬ ಮಸಿ. ಮೇಜಿನ ಮೇಲೆ ಗಾಜಿನ ಗೂಡಿನೊಳಗೆ ಅವರ ದೊಡ್ಡ ಗಡಿಯಾರ, ಎರಡು ಮುಖದ್ದು. ಇಲ್ಲಿಯವರು ಅದನ್ನು 'ಸಾವಿರದ ಗಡಿಯಾರ' ಎನ್ನುತ್ತಿದ್ದರು. ದಾರ ಎಳೆದರೆ ಜೇನುಹುಳದಂತೆ ಗುಂಯ್‌ಗುಡುತ್ತ ಓಡುತ್ತದೆ, ಅದರ ಮುಳ್ಳು ಒಂದು ಗೆರೆ ದಾಟಿದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು.

"ಇನ್ನೊಂದು ಸಲ ಹೇಳಿ ಡಾಕ್ಟ್ರೇ. ನಿಧಾನಕ್ಕೆ."

"ನಾನಿನ್ನೂ ಡಾಕ್ಟ್ರಾಗಿಲ್ಲ ಸಾರ್ಜೆಂಟ್ರೇ."

"ಆಗ್ತೀರಿ. ಹೇಳಿ."

ಓಲ್ಸ್ನರ್ ಹೇಳಿದ. ಕಾರಿಡಾರಿನ ಆ ತುದಿಯಲ್ಲಿ ನಿಶ್ಶಬ್ದದ ಕೋಣೆ, ಗೋಡೆಗೆಲ್ಲ ಕಪ್ಪು ಕಂಬಳಿ. ಅಲ್ಲಿ ಕೂತವನು ತಂತಿ ಕಚೇರಿಯಲ್ಲಿರುವಂಥ ಹಿತ್ತಾಳೆಯ ಕೀಲಿಯನ್ನು ಬೆರಳಲ್ಲಿ ಒತ್ತಿ ಹಿಡಿದಿರುತ್ತಾನೆ. ಇಲ್ಲಿಂದ ಕರೆಂಟು ಬಿಟ್ಟರೆ ಅವನ ಮುಂದಿನ ಗಾಜಿನ ಕೊಳವೆ ಮಿಂಚುತ್ತದೆ, ಅದೇ ಗಳಿಗೆಗೆ ಇಲ್ಲಿ ಮುಳ್ಳು ಓಡತೊಡಗುತ್ತದೆ. ಅವನು ಬೆರಳೆತ್ತಿದರೆ ಮುಳ್ಳು ನಿಲ್ಲುತ್ತದೆ.

"ಬರೀ ಬೆಳಕು ಕಂಡ್ರೆ ಬೆರಳೆತ್ತೋದಕ್ಕೆ ನೂರೈವತ್ತರ ಆಸುಪಾಸು. ಕೆಂಪಾದ್ರೆ ಬಲಗೈ, ಬಿಳಿಯಾದ್ರೆ ಎಡಗೈ ಅಂದ್ರೆ ಮುನ್ನೂರರ ಹತ್ರ ಹೋಗುತ್ತೆ. ಆ ಹೆಚ್ಚಿನ ಪಾಲು ಎಲ್ಲಿಗೆ ಹೋಯ್ತು? ಬಣ್ಣ ಗುರುತು ಹಿಡಿಯೋದಕ್ಕೆ ಒಂದಿಷ್ಟು, ಯಾವ ಕೈ ಅಂತ ಆರಿಸೋದಕ್ಕೆ ಒಂದಿಷ್ಟು. ಕಳೆದು ನೋಡಿದ್ರೆ ಮನಸ್ಸು ಯಾವ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿತ್ತು ಅಂತ ಗೊತ್ತಾಗುತ್ತೆ."

"ಎಂಥ ಚುರುಕಿನವನಿಗೂ?"

"ಯಾರಿಗಾದ್ರೂ. ಎರಡು ದಾರಿ ಇಟ್ಟುಬಿಟ್ರೆ ತಡ ಆಗ್ಲೇಬೇಕು."

ಕ್ರೆಚ್‌ಮರ್ ಹಾಳೆ ಬಿಡಿಸಿದ. ಕೊಲೆಯಾದ ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಓಲ್ಸ್ನರ್ ಇಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದ. ನಿಶ್ಶಬ್ದದ ಕೋಣೆಯಲ್ಲಿ ಕೂತಿದ್ದವನು ಇನ್ನೊಬ್ಬ ವಿದ್ಯಾರ್ಥಿ ಕೂನೊ ವಿಲ್ಸ್‌ಡಾರ್ಫ್. ಬರೀ ಬೆಳಕಿಗೆ ಐವತ್ತು ಸರದಿ, ಆಮೇಲೆ ಎರಡು ಬಣ್ಣಕ್ಕೆ ಮೂವತ್ತು. ಪ್ರತಿ ಅರ್ಧ ನಿಮಿಷಕ್ಕೊಂದು ಉತ್ತರ. ಆ ಹೊತ್ತಿನಲ್ಲೇ ಕೆಳಗೆ ರೀಷೆ ಸತ್ತ. ಕೂನೊನನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಎಂಬತ್ತು ಅಂಕಿಗಳು ಅವನ ಪರವಾಗಿ ಸಾಕ್ಷಿ ಹೇಳಿದ್ದವು.

"ಇಡೀ ವರ್ಷದಲ್ಲೇ ಇಂಥ ಸಾಲು ಬಂದಿಲ್ಲ," ಎಂದ ಓಲ್ಸ್ನರ್, ಹೆಮ್ಮೆಯಿಂದಲೇ. "ಪ್ರೊಫೆಸರ್ ಕೂನೊನ ಕೈ ಕುಲುಕಿದ್ರು. ಗಮನ ಅಂದ್ರೆ ಹೀಗಿರಬೇಕು ಅಂದ್ರು."

ಆರನೆಯ ಸರದಿಯಿಂದ ಅಂಕಿಗಳು ಹೀಗಿದ್ದವು: ೧೪೧, ೧೪೨, ೧೪೧, ೧೪೧, ೧೪೦, ೧೪೧.

"ಒಂದು ಪೆದ್ದು ಪ್ರಶ್ನೆ. ನೀವು ಕೂತರೆ ಹೇಗೆ ಬರುತ್ತೆ?"

"ನಂದಾ? ನೂರ ಮೂವತ್ತಕ್ಕೂ ಹೋಗುತ್ತೆ, ಇನ್ನೂರಕ್ಕೂ ಹೋಗುತ್ತೆ."

"ಪ್ರೊಫೆಸರ್ ಕೂತರೆ?"

"ಅವರದ್ದೂ ಏರಿಳಿಯುತ್ತೆ. ಎಲ್ಲರದ್ದೂ ಅಷ್ಟೆ. ಅದನ್ನ ಕಡಿಮೆ ಮಾಡಿಕೊಳ್ಳೋದೇ ಅಭ್ಯಾಸ. ಕೂನೊ ಕತ್ತಿವರಸೆಯವನು, ಅದಕ್ಕೇ..."

"ನಮ್ಮ ಮೇಸ್ತ್ರಿ, ಗಡಿಯಾರ ದಿನಕ್ಕೆ ಎರಡು ಸೆಕೆಂಡು ತಪ್ಪಿದ್ರೂ ಬೆನ್ನು ತಟ್ಟೋರು," ಎಂದ ಕ್ರೆಚ್‌ಮರ್. "ಮನುಷ್ಯ ಗಡಿಯಾರಕ್ಕಿಂತ ಸಮನಾಗಿ ಓಡಿದ್ರೆ ನಂಗೆ ನಂಬಿಕೆ ಬರಲ್ಲ. ನಾನು ತಪ್ಪಿರಬಹುದು."

ಓಲ್ಸ್ನರ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಹತ್ತು ತಿಂಗಳಿಂದ ಅವನು ಬೇಡಿಕೊಂಡು ಬಂದದ್ದು ಇಂಥದೊಂದು ಸಾಲು. ಬಂದಾಗ ಅನುಮಾನ ಪಡಬೇಕೆಂದು ಇಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ.

"ಈ ಎರಡು ಯಾಕೆ ಹೊಡೆದುಹಾಕಿದ್ದೀರಿ?"

ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಸರದಿಗಳ ಮೇಲೆ ಗೆರೆ ಎಳೆದಿತ್ತು. ೨೬೪, ೨೩೧. ಅಂಚಿನಲ್ಲಿ ಸಣ್ಣ ಅಕ್ಷರ: ಗಮನ ಚದುರಿದೆ.

"ಕೆಟ್ಟ ಸರದಿ. ಲೆಕ್ಕಕ್ಕೆ ಸೇರಿಸಲ್ಲ." ಓಲ್ಸ್ನರ್ ಹಣೆ ಒರೆಸಿಕೊಂಡ. "ಅದಕ್ಕೆ ಮೊದಲು ಒಂದು ಸಲ ಉತ್ತರವೇ ಬರಲಿಲ್ಲ. ತಯಾರಾ ಅಂತ ಗಂಟೆ ಒತ್ತಿದೆ. ಒಂದು ನಿಮಿಷ ಬಿಟ್ಟು ಅಲ್ಲಿಂದ ಗಂಟೆ ಬಂತು. ಆಮೇಲೆ ಈ ಎರಡು. ಆಮೇಲೆ ಮತ್ತೆ ಸರಿಹೋಯ್ತು."

"ಇದನ್ನ ಯಾಕೆ ಹೇಳಲಿಲ್ಲ?"

"ಬಾರದ ಉತ್ತರ ಬರೆಯೋ ಪದ್ಧತಿ ಇಲ್ಲ ಸಾರ್ಜೆಂಟ್ರೇ. ಬರೆಯದೆ ಇದ್ದದ್ದು ನೆನಪಲ್ಲೂ ಉಳಿಯಲ್ಲ."

ಕ್ರೆಚ್‌ಮರ್ ಮೇಜಿನ ಕೆಳಗಿನ ಬ್ಯಾಟರಿ ಜಾಡಿಗಳ ಕಡೆ ಬಗ್ಗಿದ. ಪ್ರತಿ ವೈರಿನ ತುದಿಯೂ ಪುಟ್ಟ ಸ್ಪ್ರಿಂಗಿನಂತೆ ಸುರುಳಿ ಸುತ್ತಿತ್ತು. ನೋಡಲು ಚೆಂದವಾಗಿತ್ತು.

"ಹೆಂಪೆಲಪ್ಪನ ಕೈ," ಎಂದ ಓಲ್ಸ್ನರ್. "ಪೆನ್ಸಿಲ್‌ಗೆ ಏಳು ಸುತ್ತು ಸುತ್ತಿ ಎಳೀತಾನೆ. ಕಾಲು ತಗುಲಿದ್ರೂ ವೈರು ಕಳಚಬಾರ್ದು ಅಂತ. ನಮಗ್ಯಾರಿಗೂ ಅಷ್ಟು ತಾಳ್ಮೆ ಇಲ್ಲ."

* * *

ಎರಡು ಗಂಟೆಗೆ ಕೂನೊ ವಿಲ್ಸ್‌ಡಾರ್ಫ್ ಬಂದ. ಅಗಲ ಭುಜ, ಎಡಗೆನ್ನೆಯಲ್ಲಿ ಕತ್ತಿಯ ಹಳೆಯ ಗಾಯ, ತಲೆಯ ಮೇಲೆ ತನ್ನ ವಿದ್ಯಾರ್ಥಿ ಸಂಘದ ಬಣ್ಣದ ಟೋಪಿ. ಕೊಲೆಯ ದಿನ ಕ್ರೆಚ್‌ಮರ್ ಯಂತ್ರದ ಕೋಣೆಯೊಂದನ್ನು ಬಿಟ್ಟು ಇಡೀ ಮಹಡಿಗೆ ಅರಗಿನ ಮೊಹರು ಹಾಕಿಸಿದ್ದ. ಇವತ್ತು ಬಿಚ್ಚುತ್ತಾರೆಂದು ತಿಳಿದು ಉಳಿದವರೆಲ್ಲರಿಗಿಂತ ಮೊದಲು ಬಂದವನು ಇವನು.

"ಏನ್ ಸಾರ್ಜೆಂಟ್ರೇ, ಇನ್ನೂ ಇಲ್ಲೇ ಇದ್ದೀರಾ? ಮುದುಕನ ಹಲ್ಲು ಉದುರಿಸಿ ಮುಗೀತು ಅಂದ್ಕೊಂಡಿದ್ದೆ."

"ಒಂದೆರಡು ಉಳಿದಿವೆ," ಎಂದ ಕ್ರೆಚ್‌ಮರ್. "ನನ್ನದೊಂದು ಆಸೆ ಕೂನೊ ಅವರೇ. ನಿಮ್ಮ ಬೆರಳು ಓಡೋದು ನೋಡಬೇಕು. ಊರೆಲ್ಲ ಹೊಗಳ್ತಿದೆ."

"ಪೊಲೀಸರಿಗೂ ಮನಶ್ಶಾಸ್ತ್ರದ ಹುಚ್ಚು ಹಿಡೀತಾ?" ಕೂನೊ ನಕ್ಕ. ಆದರೆ ಕಣ್ಣು ಕಾರಿಡಾರಿನ ತುದಿಯ ಬಾಗಿಲಿನ ಮೇಲಿತ್ತು. "ಸರಿ. ಮೊಹರು ಒಡೀರಿ. ನೀವು ಹೊರಗಿರಿ, ಪಕ್ಕದಲ್ಲಿ ಉಸಿರಾಡಿದ್ರೂ ಅಂಕಿ ಕೆಡುತ್ತೆ."

"ಉಸಿರು ಹಿಡಿದುಕೊಂಡಿರ್ತೀನಿ."

ಕೋಣೆಯೊಳಗೆ ಸೀಮೆಎಣ್ಣೆ ದೀಪದ ಬೆಳಕು ಕಂಬಳಿಗೆ ತಾಗಿ ಅಲ್ಲೇ ಸಾಯುತ್ತಿತ್ತು. ಮೂಲೆಯಲ್ಲಿ ಆರಿದ ಒಲೆ, ಅದರ ಪಕ್ಕ ಕಲ್ಲಿದ್ದಲಿನ ಬಕೀಟು. ಹಿಂದಿನ ಗೋಡೆಯಲ್ಲಿ ಇನ್ನೊಂದು ಸಣ್ಣ ಬಾಗಿಲು. ಅದರಾಚೆ ಹಿಂಬದಿಯ ಮೆಟ್ಟಿಲು ನೇರ ನೆಲಮಾಳಿಗೆಗೆ ಇಳಿಯುತ್ತದೆ. ಕೂನೊ ಕೀಲಿಯ ಮುಂದೆ ಕೂತ. ಕ್ರೆಚ್‌ಮರ್ ಅವನ ಬೆನ್ನ ಹಿಂದೆ ನಿಂತ.

ಕೊಳವೆ ಮಿಂಚಿತು. ಬೆರಳು ಎದ್ದಿತು. ಮತ್ತೆ ಮಿಂಚಿತು. ಇಪ್ಪತ್ತು ಸಲ.

ಓಲ್ಸ್ನರ್ ಹಾಳೆ ಹಿಡಿದು ಕಾರಿಡಾರಿನಿಂದ ನಡೆದು ಬಂದ.

"ನೂರ ಇಪ್ಪತ್ತೆಂಟು," ಎಂದು ಓದಿದ. "ನೂರ ತೊಂಬತ್ತೇಳು. ನೂರೈವತ್ತು. ನೂರ ಎಂಬತ್ತಮೂರು... ಕೂನೊ, ಒಂದಕ್ಕೊಂದು ಸೇರ್ತಾ ಇಲ್ಲವಲ್ಲೋ."

"ಈ ಮನುಷ್ಯ ಹಿಂದೆ ನಿಂತಿದ್ರೆ ಹೇಗೆ ಸೇರುತ್ತೆ?"

"ಹಾಗೂ ಇರಬಹುದು," ಎಂದ ಕ್ರೆಚ್‌ಮರ್. "ನಾನು ಅಷ್ಟು ಓದಿದವನಲ್ಲ. ಆದ್ರೆ ಆ ಗುರುವಾರದ ಬರೀ ಬೆಳಕಿನ ಐವತ್ತರಲ್ಲಿ ಮೊದಲ ಐದೂ ಸೇರಲ್ಲ. ಕೊನೆಯ ಹತ್ತೂ ಸೇರಲ್ಲ. ನಡುವೆ ಮಾತ್ರ ಗಡಿಯಾರ. ಹದಿನೈದು ನಿಮಿಷಕ್ಕಿಂತ ಹೆಚ್ಚು. ಕೆಳಗೆ ಹೋಗಿ ಬರೋದಕ್ಕೆ ಎಷ್ಟು ಹೊತ್ತು ಬೇಕು ಕೂನೊ ಅವರೇ?"

ಕೂನೊ ಕೀಲಿಯ ಹಲಗೆಯ ಅಂಚು ಹಿಡಿದುಕೊಂಡ.

"ಇಲ್ಲಿಗೆ ಬರೋವಾಗ ನೀವು ಆ ಮೂಲೆ ನೋಡಿದ್ರಿ. ಕೂತ ಮೇಲೆ ಇನ್ನೊಂದು ಸಲ ನೋಡಿದ್ರಿ. ಅಲ್ಲಿ ಕಂಬಳಿಯ ಮೊಳೆ ಒಂದು ಹೊಸದು."

ಕ್ರೆಚ್‌ಮರ್ ಕೈ ಹಾಕಿ ಕಂಬಳಿ ಎಳೆದ. ಮೊಳೆಗಳು ಪಟಪಟನೆ ಕಿತ್ತು ಬಂದವು. ಹಿಂದಿನ ಗೂಡಿನಿಂದ ಒಂದು ವಸ್ತು ಠಣ್ಣೆಂದು ನೆಲಕ್ಕೆ ಬಿತ್ತು.

ಬಾಗಿಲ ಗಂಟೆಯ ಒಳಭಾಗ. ಎರಡು ಸುರುಳಿಯ ಅಯಸ್ಕಾಂತ, ಒಂದು ಪುಟ್ಟ ಸುತ್ತಿಗೆ, ಸುತ್ತಿಗೆಯ ಕತ್ತಿಗೆ ಅಂಟಿಸಿದ ಸೀಸದ ತುಂಡು. ಮಿಂಚಿಗೆ ಬರುವ ಕರೆಂಟೇ ಇದಕ್ಕೂ ಬಂದರೆ ಸುತ್ತಿಗೆ ಏಳುತ್ತದೆ, ಸೀಸದ ಭಾರಕ್ಕೆ ಒಂದಿಷ್ಟು ತಡವಾಗಿ ಏಳುತ್ತದೆ, ಏಳುವಾಗ ಕೀಲಿಯನ್ನೂ ಎತ್ತುತ್ತದೆ. ನೂರ ನಲವತ್ತೊಂದು. ನೂರ ನಲವತ್ತೊಂದು. ನೂರ ನಲವತ್ತೊಂದು.

"ಎರಡು ಬಣ್ಣ ಆರಿಸೋದು ಇದರ ಕೈಲಿ ಆಗಲ್ಲ," ಎಂದ ಕ್ರೆಚ್‌ಮರ್. "ಅದಕ್ಕೇ ಬರೀ ಬೆಳಕಿನ..."

ಮಾತು ಮುಗಿಯಲಿಲ್ಲ. ಕೂನೊ ಕೀಲಿಯನ್ನು ಅದರ ಹಲಗೆಸಮೇತ ಕಿತ್ತೆತ್ತಿ ಬೀಸಿದ.

ಹಿತ್ತಾಳೆ ಕ್ರೆಚ್‌ಮರ್‌ನ ಕಿವಿಯ ಮೇಲೆ ಇಳಿಯಿತು. ಕಿವಿ ಹರಿದದ್ದು ಅವನಿಗೆ ಕೇಳಿಸಿತು, ನೋವು ಆಮೇಲೆ ಬಂತು. ಎರಡನೆಯ ಏಟಿಗೆ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಲಟಕ್ಕೆಂದವು. ಓಲ್ಸ್ನರ್ ನಡುವೆ ನುಗ್ಗಿದ. ಕೂನೊನ ಮೊಣಕೈ ಅವನ ಮೂಗಿಗೆ ಬಡಿಯಿತು, ಅವನು ಬಾಗಿಲ ಹೊಸ್ತಿಲಲ್ಲಿ ಕುಸಿದು ಕೂತು ಎರಡೂ ಕೈಯಲ್ಲಿ ರಕ್ತ ಹಿಡಿದುಕೊಂಡ.

ಕೂನೊ ನಿಜವಾಗಿಯೂ ಚುರುಕು. ಲಾಠಿ ಎದ್ದರೆ ಅದು ಏಳುವ ಮೊದಲೇ ಪಕ್ಕಕ್ಕೆ ಸರಿದಿರುತ್ತಿದ್ದ. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲ ಕ್ರೆಚ್‌ಮರ್‌ನ ಕತ್ತು ಅವನ ಕೈಗೆ ಸಿಕ್ಕಿತು. ಹೆಬ್ಬೆರಳುಗಳು ಗಂಟಲ ಗಂಟಿನ ಮೇಲೆ ಕೂತವು. ಬೆನ್ನು ಗೋಡೆಗೆ ತಾಗಿತು. ಕಣ್ಣ ಮುಂದೆ ಕಪ್ಪು ಚುಕ್ಕಿಗಳು ಏಳತೊಡಗಿದವು.

ಕ್ರೆಚ್‌ಮರ್ ಮೊಣಕಾಲು ಎತ್ತಿ ಹೊಟ್ಟೆಗೆ ಗುದ್ದಿದ. ಹಿಡಿತ ಒಂದು ಉಸಿರಿನಷ್ಟು ಸಡಿಲವಾಯಿತು. ಅಷ್ಟರಲ್ಲಿ ಮುರಿದ ಕೈಯಿಂದಲೇ ಉರಿಯುವ ದೀಪವನ್ನು ಎಡಕ್ಕೆ ಎತ್ತಿದ, ಲಾಠಿಯನ್ನು ಬಲಕ್ಕೆ ಎತ್ತಿದ. ಎರಡನ್ನೂ ಒಟ್ಟಿಗೆ.

ಬೆಂಕಿಯೋ, ಕೋಲೋ.

ಕೂನೊನ ಕಣ್ಣು ದೀಪಕ್ಕೆ ಹೋಯಿತು, ಲಾಠಿಗೆ ಬಂತು. ಆ ನಡುವೆ ಅವನ ಮೈಯಲ್ಲಿ ಯಾವುದೂ ಅಲ್ಲಾಡಲಿಲ್ಲ. ಸೆಕೆಂಡಿನ ಹತ್ತರಲ್ಲೊಂದು ಪಾಲು ಇರಬಹುದು, ಇನ್ನೂ ಕಡಿಮೆ ಇರಬಹುದು, ಅಳೆದವರಿಲ್ಲ.

ಲಾಠಿ ಕುತ್ತಿಗೆಯ ಕೆಳಗಿನ ಎಲುಬಿನ ಮೇಲೆ ಬಿತ್ತು. ಒಣ ಸೌದೆ ಮುರಿದಂಥ ಸದ್ದು. ಕೂನೊ ಕೂಗಿ ಮಂಡಿಯೂರಿದ. ಕ್ರೆಚ್‌ಮರ್ ಇನ್ನೊಂದು ಏಟು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನೆಲಮಾಳಿಗೆಯಲ್ಲಿ ಇದೇ ಕೈ ನಿಂತಿರಲಿಲ್ಲ. ಅವನು ದೀಪವನ್ನು ಮೆಲ್ಲಗೆ ಕೆಳಗಿಟ್ಟ.

* * *

"ಹೋಗಿದ್ದೆ," ಎಂದ ಕೂನೊ. ಬೇಡಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದ. ತುಟಿ ಸೀಳಿತ್ತು. "ನನ್ನ ಪ್ರಬಂಧದ ಅಂಕಿಗಳನ್ನ ನಾನು ಮನೆಯಲ್ಲಿ ಕೂತು ಬರೆದದ್ದು ಅಂತ ರೀಷೆ ಹಿಡಿದುಬಿಟ್ಟಿದ್ದ. ಸೋಮವಾರ ಪ್ರೊಫೆಸರ್‌ಗೆ ಹೇಳ್ತೀನಿ ಅಂದಿದ್ದ. ಬೇಡ್ಕೊಂಡೆ. ನಕ್ಕ. ಹೊಡೆದೆ."

"ಏಳು ಸಲ."

"ಒಂದು ಸಲ."

"ಕೂನೊ ಅವರೇ, ವೈದ್ಯರು ಎಣಿಸಿದ್ದಾರೆ."

"ಒಂದೇ ಸಲ ಅಂದ್ನಲ್ಲ! ಜಾಡಿಗಳ ಮೇಲೆ ಬಿದ್ದ. ತಲೆ ಹಿಡ್ಕೊಂಡು ಕೂತು ನಂಗೆ ಹಂದಿ ಅಂದ. ಸೋಮವಾರ ಅಲ್ಲ, ಇವತ್ತೇ ಹೇಳ್ತೀನಿ ಅಂದ. ಸತ್ತವನು ಬಯ್ತಾನಾ? ನಾನು ಹೆದರಿ ಹಿತ್ತಲಲ್ಲಿ ವಾಂತಿ ಮಾಡ್ಕೊಂಡು ಮೇಲೆ ಬಂದೆ. ಸಂಜೆ ಅವನು ಸತ್ತ ಅಂದ್ರು. ನನ್ನ ಏಟಿಗೇ ಆಮೇಲೆ ಸತ್ತ ಅಂದ್ಕೊಂಡೆ." ಅವನ ತಲೆ ಥಟ್ಟನೆ ಮೇಲೆದ್ದಿತು. "ಏಳು ಅಂದ್ರಾ?"

ಪ್ರಶ್ನೆ ಬಹಳ ಬೇಗ ಬಂತು. ಸುಳ್ಳು ಆರಿಸಿಕೊಳ್ಳಲು ಬೇಕಾಗುವ ಹೊತ್ತು ಅದರಲ್ಲಿರಲಿಲ್ಲ ಎಂದು ಕ್ರೆಚ್‌ಮರ್‌ಗೆ ಅನ್ನಿಸಿತು. ಅನ್ನಿಸಿದ್ದು ಸಾಕ್ಷಿಯಲ್ಲ ಎಂದೂ ಅವನಿಗೆ ಗೊತ್ತಿತ್ತು.

ಅವನು ಬಗ್ಗಿ ಆ ಗಂಟೆಯ ಯಂತ್ರವನ್ನು ದೀಪದ ಹತ್ತಿರ ತಂದ. ಮೂರು ವೈರುಗಳು. ಎರಡರ ತುದಿ ನೆಟ್ಟಗೆ, ಅವಸರದಲ್ಲಿ ತಿರುಚಿದ್ದು. ಮೂರನೆಯದರಲ್ಲಿ ಸಣ್ಣ ಸುರುಳಿ. ಎಣಿಸಿದ. ಏಳು ಸುತ್ತು.

ಮುರಿದ ಬೆರಳಿನ ನೋವು ಒಮ್ಮೆಲೇ ಮರೆತುಹೋಯಿತು.

"ಇದನ್ನ ಹೀಗೆ ಸುತ್ತಿದ್ದು ನೀವಾ?"

ಕೂನೊ ಕಣ್ಣು ಕಿರಿದು ಮಾಡಿ ನೋಡಿದ. "ನಾನು ಸುಮ್ನೆ ತಿರುಚಿದ್ದೆ. ಸುರುಳಿ ಸುತ್ತಿಲ್ಲ. ಮೇಲೆ ಬಂದಾಗ ನೋಡಲಿಲ್ಲ, ಹಾಗೇ ಕಿತ್ತು ಬಚ್ಚಿಟ್ಟೆ."

ಹೊಸ್ತಿಲಲ್ಲಿ ಮೂಗು ಹಿಡಿದು ಕೂತಿದ್ದ ಓಲ್ಸ್ನರ್ ಸುರುಳಿಯನ್ನು ನೋಡಿದ, ಆಮೇಲೆ ಒಲೆಯ ಪಕ್ಕದ ಬಕೀಟನ್ನು ನೋಡಿದ. "ಮೂರೂಕಾಲಿಗೆ ಒಲೆಗೆ ಕಲ್ಲಿದ್ದಲು ತರ್ತಾನೆ," ಎಂದ, ಯಾರಿಗೂ ಅಲ್ಲದಂತೆ. "ಹಿಂದಿನ ಮೆಟ್ಟಿಲಿಂದ. ಪ್ರತಿ ಗುರುವಾರ."

ಕ್ರೆಚ್‌ಮರ್‌ಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಬಕೀಟು ಹಿಡಿದ ಮುದುಕ ಒಳಗೆ ಬರುತ್ತಾನೆ. ಕುರ್ಚಿ ಖಾಲಿ. ವೈರು ಕಳಚಿ ನೇತಾಡುತ್ತಿದೆ, ಗಂಟೆ ಬಾರಿಸುತ್ತಿದೆ. ಅವನು ತಯಾರು ಎಂದು ಗಂಟೆ ಒತ್ತುತ್ತಾನೆ. ಮಿಂಚಿದಾಗ ಎರಡು ಸಲ ತಾನೇ ಬೆರಳೆತ್ತುತ್ತಾನೆ, ೨೬೪, ೨೩೧. ನಡುವೆ ಸಿಕ್ಕ ಅರ್ಧರ್ಧ ನಿಮಿಷದಲ್ಲಿ ಪೆನ್ಸಿಲ್‌ಗೆ ಏಳು ಸುತ್ತು ಸುತ್ತಿ ವೈರು ಬಿಗಿಯುತ್ತಾನೆ. ಆ ಮೇಲೆ ಹಿಂದಿನ ಮೆಟ್ಟಿಲಿಂದ ಕೆಳಗೆ ಹೋಗುತ್ತಾನೆ, ರೀಷೆ ಇನ್ನೂ ಬಯ್ಯುತ್ತಿರುವ ನೆಲಮಾಳಿಗೆಗೆ.

ಅಂದು ಆ ಸಾಲಿನ ಮೂವತ್ತೈದು ಸರದಿಗಳಲ್ಲಿ ಮನುಷ್ಯನ ಕೈ ಇದ್ದದ್ದು ಎರಡರಲ್ಲಿ. ಅವೆರಡನ್ನೇ ಕೆಟ್ಟವೆಂದು ಹೊಡೆದುಹಾಕಿದ್ದರು. ಅವೆರಡೂ, ಕ್ರೆಚ್‌ಮರ್ ಯಾರ ತಲೆ ಉಳಿಸಲು ಬಂದಿದ್ದನೋ ಅವನವು.

* * *

ಅವನು ಠಾಣೆಗೆ ಮರಳಿದಾಗ ಬೀದಿಯ ದೀಪ ಹಚ್ಚುತ್ತಿದ್ದರು. ಕಿವಿಗೆ ಪಟ್ಟಿ, ಕೈಗೆ ಮರದ ಪಟ್ಟೆ. ಡೋರ್ನ್ ನೋಡಿ ಶಿಳ್ಳೆ ಹಾಕಿದ. "ಇಬ್ಬರಿಗೂ ಒಂದೇ ದರ್ಜಿ ಹೊಲಿದಂಗಿದೆ ಸಾರ್ಜೆಂಟ್ರೇ."

"ಹೊರಗಿರು."

ಬಾಗಿಲು ಮುಚ್ಚಿತು. ಕ್ರೆಚ್‌ಮರ್ ಬೆಂಚಿನ ಮುಂದೆ ನೆಲದ ಮೇಲೆಯೇ ಕೂತ. ಜೇಬಿನಿಂದ ಕತ್ತರಿಸಿ ತಂದ ವೈರಿನ ತುಂಡು ತೆಗೆದು ಅಂಗೈಯಲ್ಲಿಟ್ಟ. ಸುರುಳಿ ದೀಪಕ್ಕೆ ಹೊಳೆಯಿತು.

"ಹೆಂಪೆಲಪ್ಪ, ಕೂನೊ ಸಿಕ್ಕಿಬಿದ್ದ. ಒಂದು ಏಟು ಒಪ್ಪಿಕೊಂಡ. ಇನ್ನು ಆರು ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ."

ಮುದುಕ ವೈರನ್ನು ನೋಡುತ್ತಿದ್ದ.

"ಕುರ್ಚಿ ಖಾಲಿ ಇದ್ದದ್ದು ನೀನು ಕಂಡೆ. ಮೊದಲ ದಿನವೇ ಹೇಳಿದ್ರೆ ನಿನ್ನ ಮೈ ಮೇಲೆ ಯಾರೂ ಕೈ ಇಡ್ತಿರಲಿಲ್ಲ. ಸ್ಲೇಟಿನ ಮೇಲೆ ಒಂದು ಹೆಸರು ಬರೆದಿದ್ರೆ ಸಾಕಿತ್ತು. ಯಾಕೆ ಬರೀಲಿಲ್ಲ?"

ಮೂಗಿನಲ್ಲಿ ಹೆಪ್ಪುಗಟ್ಟಿದ ರಕ್ತದ ಮೂಲಕ ಗೊರಗುಟ್ಟುವ ಉಸಿರು.

"ಕೆಟ್ಟು ನಿಂತದ್ದನ್ನ ಸರಿಮಾಡದೆ ಇರಲಾರೆ, ಅದಕ್ಕೇ ವೈರು ಕಟ್ಟಿದೆಯಾ? ಇಲ್ಲಾ ಕೂನೊಗಾಗಿ ಕಟ್ಟಿದೆಯಾ? ಇಲ್ಲಾ ನಿಂಗೂ ಆ ಹೊತ್ತು ಬೇಕಿತ್ತಾ? ತಲೆ ಆಡಿಸು ಸಾಕು. ನನ್ನ ಮೇಲೆ ಸಿಟ್ಟಿದ್ರೆ ಇರಲಿ. ಅದು ನ್ಯಾಯ."

ಹೆಂಪೆಲಪ್ಪ ಕೈ ಚಾಚಿದ. ಆಮ್ಲ ತಿಂದು ಹಳದಿಯಾದ ಉಗುರುಗಳು, ಬೆಲ್ಟಿನೇಟಿಗೆ ಊದಿದ ಬೆರಳುಗಳು. ಅಂಗೈಯಿಂದ ವೈರನ್ನು ಎತ್ತಿಕೊಂಡ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೊದಲ ಸುತ್ತನ್ನು ಬಿಚ್ಚಿದ. ಆಮೇಲೆ ಎರಡನೆಯದು.

ಏನಾಗುತ್ತಿದೆ ಎಂದು ಕ್ರೆಚ್‌ಮರ್‌ಗೆ ತಿಳಿಯಿತು. ಹೆಂಪೆಲಪ್ಪ ಆ ಕೋಣೆಗೆ ಬಂದಿದ್ದ ಎಂಬುದಕ್ಕೆ ಕೈಯಲ್ಲಿ ಹಿಡಿಯಬಹುದಾದ ಗುರುತು ಅದೊಂದೇ. ಸುರುಳಿ ಹೋದರೆ ಅದು ಬರೀ ತಾಮ್ರ.

ಕೈ ಚಾಚಿ ಕಸಿದುಕೊಳ್ಳಬಹುದಿತ್ತು. ಒಂದು ಏಟು ಸಾಕಿತ್ತು.

ಮೂರನೆಯ ಸುತ್ತು. ನಾಲ್ಕನೆಯದು. ಮುದುಕನಿಗೆ ಅವಸರವಿರಲಿ, ಭಯವೂ ಇದ್ದಂತೆ ಕಾಣಲಿಲ್ಲ. ಏಳನೆಯದನ್ನೂ ಬಿಚ್ಚಿ, ವೈರನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜಿ ನೇರ ಮಾಡಿದ. ಆಮೇಲೆ ಅದನ್ನು ಕ್ರೆಚ್‌ಮರ್‌ನ ಕೈಗೆ ವಾಪಸು ಇಟ್ಟ. ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಅವನ ಕಣ್ಣುಗಳು ನೇರವಾಗಿ ನೋಡಿದವು. ಆ ಕಣ್ಣಿನಲ್ಲಿ ನೀರಿತ್ತು.

ಗಡಿಯಾರ ಐದು ಹೊಡೆಯಿತು. ಬೆಳಿಗ್ಗೆ ಹತ್ತಕ್ಕೆ ಹದಿನೇಳು ಗಂಟೆ ಉಳಿದಿತ್ತು.

ಆ ಆರು ಏಟು ಕೊಟ್ಟವರು ಯಾರೆಂದು ಇಲ್ಲಿಯವರೆಗೆ ಗೊತ್ತಾಗಿಲ್ಲ. ಮುದುಕ ಆ ವೈರನ್ನು ಯಾಕೆ ಕಟ್ಟಿದ, ಯಾಕೆ ಬಿಚ್ಚಿದ ಎನ್ನುವುದೂ ಗೊತ್ತಿಲ್ಲ. ಕೈಯಳತೆಯಲ್ಲೇ ಕೂತಿದ್ದ ಕ್ರೆಚ್‌ಮರ್ ಅವನನ್ನು ಯಾಕೆ ತಡೆಯಲಿಲ್ಲ ಎಂಬುದು ಕ್ರೆಚ್‌ಮರ್‌ಗೇ ಗೊತ್ತಿರಲಿಲ್ಲ.